ಎರಡು ವರ್ಷ ಬರೀ ಭಾಷೆ ಕಲಿಯೋಕಾ?

ಓದೋಕೆ ಜಪಾನಿಗೆ ಹೋಗ್ತೀನಿ, ಮೊದಲು ಅಲ್ಲಿನ ಭಾಷಾ ಶಾಲೆ ಅಂದಾಗ ಮಂಡಿಪೇಟೆಯ ಅಂಗಡಿಯಲ್ಲಿ ಕೂತು ಅಪ್ಪಾಜಿ ಕೇಳಿದ್ದು ಇದೇ ಪ್ರಶ್ನೆ. "ಡಿಗ್ರಿ ಯಾವಾಗ ತಮ್ಮಾ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಜಪಾನಿನಲ್ಲಿ ಇಂಗ್ಲಿಷಿನಲ್ಲೇ ಡಿಗ್ರಿ ಮಾಡಬಹುದು, ಆದರೆ ಅಂಥ ಕೋರ್ಸ್ ಕಡಿಮೆ. ಅದಕ್ಕೇ ಪಿಯುಸಿ ಮುಗಿಸಿದ ನನ್ನಂಥವರು ಮೊದಲು ಅಲ್ಲಿನ ಭಾಷಾ ಶಾಲೆ ಸೇರುವುದು. ಹೆಚ್ಚೆಂದರೆ ಎರಡು ವರ್ಷ.

ಮೊದಲು ಒಬ್ಬ ಏಜೆಂಟ್ ಹತ್ತಿರ ಹೋದೆವು. ಟೋಕಿಯೋ ಫೋಟೋ ತೋರಿಸಿ, "ವಾರಕ್ಕೆ 28 ಗಂಟೆ ಪಾರ್ಟ್‌ಟೈಮ್ ಮಾಡಬಹುದು, ಫೀಸೆಲ್ಲ ಅದರಲ್ಲೇ ಹುಟ್ಟುತ್ತೆ" ಎಂದರು. ಪರ್ಮಿಶನ್ ತಗೊಂಡರೆ 28 ಗಂಟೆ ನಿಜ. ಆದರೆ ಅಪ್ಪಾಜಿ ಮನೆಗೆ ಬಂದು ಬಿಲ್ ಬುಕ್ಕಿನ ಹಿಂದೆ ಲೆಕ್ಕ ಹಾಕಿದರು. ಗಂಟೆಗೆ 1,100 ಯೆನ್ ಅಂತ ಹಿಡಿದರೆ ನಾಲ್ಕು ವಾರಕ್ಕೆ 1,23,200. ಬಾಡಿಗೆ, ಊಟ, ವಿಮೆ, ರೈಲು ಎಲ್ಲ ಕಳೆದರೆ ಉಳಿಯುವುದೆಷ್ಟು? ಶಾಲೆಯ ಫೀಸೇ ವರ್ಷಕ್ಕೆ ಏಳೆಂಟು ಲಕ್ಷ ಯೆನ್. "ಮತ್ತೆ ಓದೋದು ಯಾವಾಗ?" ಅಂದರು. ಏಜೆಂಟ್ ಕಥೆ ಅಲ್ಲಿಗೆ ಮುಗಿಯಿತು.

ಆಮೇಲೆ ನಾನೇ ಕೂತು ಹುಡುಕಿದೆ. ನನ್ನ ಪ್ರಕಾರ ಊರಿಗಿಂತ ಮೊದಲು ನೋಡಬೇಕಾದ್ದು ಕ್ಯಾಲೆಂಡರ್. ಅಲ್ಲಿ ಯೂನಿವರ್ಸಿಟಿ ಶುರುವಾಗುವುದು ಏಪ್ರಿಲ್‌ನಲ್ಲಿ. ಅದಕ್ಕೆ ಸೇರಲು ಹೊರದೇಶದವರು ಬರೆಯುವ ಇಜೆಯು (EJU) ಪರೀಕ್ಷೆ ಇರುವುದು ಜೂನ್ ಮತ್ತು ನವೆಂಬರ್‌ನಲ್ಲಿ. ಅಕ್ಟೋಬರ್‌ನಲ್ಲಿ ಶಾಲೆ ಸೇರಿದರೆ ಜೂನ್ ಪರೀಕ್ಷೆಗೆ ಸಿಗುವುದು ಎಂಟೇ ತಿಂಗಳು. ಏಪ್ರಿಲ್‌ನಲ್ಲಿ ಸೇರಿದರೆ ಮುಂದಿನ ವರ್ಷದ ಜೂನ್‌ವರೆಗೆ ಹದಿನಾಲ್ಕು ತಿಂಗಳು, ಮಧ್ಯದ ನವೆಂಬರ್‌ನಲ್ಲಿ ಒಮ್ಮೆ ಸುಮ್ನೆ ಬರೆದೂ ನೋಡಬಹುದು. ಆರು ತಿಂಗಳ ಫೀಸು ಜಾಸ್ತಿ ಹೌದು, ಆದರೂ ನಾನು ಏಪ್ರಿಲ್ ಆರಿಸಿದೆ.

ಯಾಕೆಂದರೆ ಕಾಂಜಿ, ಅಂದರೆ ಜಪಾನಿ ಬರಹದಲ್ಲಿ ಬಳಸುವ ಚೀನೀ ಅಕ್ಷರಗಳು! (ಅಮ್ಮನಿಗೆ ಇದು ಇನ್ನೂ ಗಂಜಿಯೇ.) ಚೀನಾದ ಹುಡುಗರಿಗೆ ಆ ಅಕ್ಷರಗಳು ಮೊದಲೇ ಗೊತ್ತು, ಕ್ಲಾಸ್ ಅವರ ವೇಗಕ್ಕೆ ಓಡಿದರೆ ನಮ್ಮ ಕಥೆ ಮುಗಿದಂತೆ. ವ್ಯಾಕರಣದಲ್ಲಿ ಮಾತ್ರ ನಮಗೇ ಲಾಭ. ಕನ್ನಡದ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ, "ದಾವಣಗೆರೆಗೆ" ಅನ್ನುವಾಗಿನ "ಗೆ" ಜಾಗದಲ್ಲಿ ಜಪಾನಿಯರು "ನಿ" ಅಂಟಿಸುತ್ತಾರೆ. ಅವರ ವರ್ಣಮಾಲೆಯೂ ಅ, ಕ, ಸ, ತ, ನ, ಹ, ಮ, ಯ, ರ, ವ ಅಂತ ಹೋಗುತ್ತದೆ, ನಮ್ಮ ಕಾಗುಣಿತದ ದೂರದ ನೆಂಟ ಅಲ್ವಾ!

ಹಾಗಾಗಿ ಶಾಲೆಗಳಿಗೆ ಮೇಲ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಕಾಂಜಿ ಗೊತ್ತಿಲ್ಲದ ದೇಶಗಳಿಂದ ಬಂದವರಲ್ಲಿ ಹೋದ ವರ್ಷ ಎಷ್ಟು ಜನ ಯೂನಿವರ್ಸಿಟಿ ಸೇರಿದರು, ಯಾವುದಕ್ಕೆ? ಒಂದು ಶಾಲೆ ಚೆರ್ರಿ ಹೂವಿನ ಬ್ರೋಷರ್ ಕಳಿಸಿತು. ಜಪಾನಿನ ಫುಕುವೋಕಾ ನಗರದ ಒಂದು ಶಾಲೆ ಮಾತ್ರ ಪಟ್ಟಿ ಕಳಿಸಿತು, ಇಜೆಯು ಗಣಿತ ಪಾಠದ ವೇಳಾಪಟ್ಟಿ ಸಮೇತ. ಅದನ್ನೇ ಆರಿಸಿದೆ. ಬಾಡಿಗೆಯೂ ಟೋಕಿಯೋಗಿಂತ ಕಡಿಮೆ.

ಅಪ್ಪಾಜಿ ಒಪ್ಪಿದ್ದು ಬೇರೆ ಲೆಕ್ಕಕ್ಕೆ. ಅಲ್ಲಿನ ಬಹುತೇಕ ರಾಷ್ಟ್ರೀಯ ಯೂನಿವರ್ಸಿಟಿಗಳ ಫೀಸು ವರ್ಷಕ್ಕೆ 5,35,800 ಯೆನ್, ಭಾಷಾ ಶಾಲೆಗಿಂತ ಕಡಿಮೆ! ಸೇರುವಾಗ 2,82,000 ಬೇರೆ ಕಟ್ಟಬೇಕು, ಅದನ್ನೂ ಹೇಳಿದೆ. ಬಿಲ್ ಬುಕ್ ಮತ್ತೆ ಹೊರಗೆ ಬಂತು.