ನೇತ್ರಾಣಿಗೆ ಹೊರಟವರಿಗೆ: ಅಲ್ಲಿ ಮರಳಿಲ್ಲ

ಭಾವಮೈದನ ಮಗಳು ಹುಬ್ಬಳ್ಳಿಯಿಂದ ಬರುವಾಗ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು, ಸಣ್ಣ ಸಲಿಕೆ ಮತ್ತು ಚೆಂಡನ್ನು ತುಂಬಿಕೊಂಡು ಬಂದಿದ್ದಳು. ತಪ್ಪು ಅವಳದಲ್ಲ. ಅವಳ ಅಪ್ಪನ ಫೋನಿಗೆ ಬಂದಿದ್ದ ಜಾಹೀರಾತಿನಲ್ಲಿ ನೇತ್ರಾಣಿ ಎಂಬ ಹೆಸರಿನ ಕೆಳಗೆ ಬಾಗಿದ ತೆಂಗಿನ ಮರಗಳೂ ಬಿಳಿ ಮರಳಿನ ದಂಡೆಯೂ ಇದ್ದವು. ಆ ಚಿತ್ರ ಯಾವ ದೇಶದ್ದೋ ಏನೋ, ನೇತ್ರಾಣಿಯದ್ದಂತೂ ಅಲ್ಲ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಒಳಗೆ ಅರಬ್ಬೀ ಸಮುದ್ರದಲ್ಲಿ ನಿಂತಿರುವ ಈ ದ್ವೀಪಕ್ಕೆ ಸುತ್ತಲೂ ಕಡಿದಾದ ಬಂಡೆ, ನೆತ್ತಿಯ ಮೇಲೆ ಕಾಡು. ಮಕ್ಕಳು ಕುಳಿತು ಆಡುವಂಥ ಮರಳು ಅಲ್ಲಿ ಇಲ್ಲ. ನಮ್ಮಂಥ ಪ್ರವಾಸಿಗರನ್ನು ಅಲ್ಲಿ ಇಳಿಸುವುದೂ ಇಲ್ಲ. ಬೋಟು ಬಂಡೆಯಿಂದ ಸ್ವಲ್ಪ ದೂರದಲ್ಲಿ ಲಂಗರು ಹಾಕುತ್ತದೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹವಳ, ಮೀನು ನೋಡಲು (ಸ್ಕೂಬಾ ಡೈವ್) ನೀರಿಗಿಳಿಯುವವರು ಇಳಿಯುತ್ತಾರೆ, ಉಳಿದವರು ಬೋಟಿನಲ್ಲೇ ಕುಳಿತಿರುತ್ತಾರೆ, ಮಧ್ಯಾಹ್ನಕ್ಕೆ ಎಲ್ಲರೂ ವಾಪಸು. ಹಣ ಕೊಡುವ ಮೊದಲು ಇಷ್ಟನ್ನು ಯಾರಾದರೂ ಹೇಳಿದ್ದರೆ ನಾಲ್ವರಲ್ಲಿ ನಾನೊಬ್ಬನೇ ಹೋಗುತ್ತಿದ್ದೆ, ಕೊಟ್ಟ 15,000 ರೂಪಾಯಿಯಲ್ಲಿ 10,000 ಕಿಸೆಯಲ್ಲೇ ಉಳಿಯುತ್ತಿತ್ತು.

ನಾನು ಹುಟ್ಟಿದ್ದು ಅಂಕೋಲೆಯ ಕಡಲ ಬದಿಯಲ್ಲಿ, ನೌಕರಿಗಾಗಿ ಇಪ್ಪತ್ತು ವರ್ಷಗಳಿಂದ ಇರುವುದು ಸಿರ್ಸಿಯಲ್ಲಿ. ಹಾಗಿದ್ದೂ ನೇತ್ರಾಣಿಯನ್ನು ಮುರುಡೇಶ್ವರದ ದಡದಲ್ಲಿ ನಿಂತು, ಆಕಾಶ ತಿಳಿಯಾಗಿದ್ದ ದಿನ ಬೂದು ಬಣ್ಣದ ದಿಬ್ಬದಂತೆ ಕಂಡಿದ್ದೆನೇ ಹೊರತು ಅದರ ಹತ್ತಿರ ಹೋದವನಲ್ಲ. ಆದ್ದರಿಂದ ಭಾವಮೈದ ಫೋನು ಮಾಡಿ, “ಭಾವ, ಅಂಡಮಾನಿಗೆ ಹೋಗುವಷ್ಟು ದುಡ್ಡೂ ಇಲ್ಲ, ರಜೆಯೂ ಇಲ್ಲ, ನಿಮ್ಮ ಜಿಲ್ಲೆಯಲ್ಲೇ ಒಂದು ದ್ವೀಪ ಇದೆಯಂತಲ್ಲ” ಎಂದಾಗ ಹೂಂ ಎಂದುಬಿಟ್ಟೆ. ನನ್ನ ಹೆಂಡತಿ ಮಾತ್ರ ಸಮುದ್ರಕ್ಕೆ ದೂರದಿಂದಲೇ ಕೈಮುಗಿಯುವವಳಾದ್ದರಿಂದ ಮನೆಯಲ್ಲೇ ಉಳಿದಳು, ಈಗ ಆ ಬುದ್ಧಿವಂತಿಕೆಯನ್ನು ದಿನಕ್ಕೊಮ್ಮೆ ನೆನಪಿಸುತ್ತಾಳೆ.

ಜನವರಿಯ ಒಂದು ಶನಿವಾರ ಹೊರಟದ್ದೇ ಮೊದಲ ತಪ್ಪು. ಸಿರ್ಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರ್. ದೇವಿಮನೆ ಘಟ್ಟದ ರಸ್ತೆಯ ಅಗಲೀಕರಣ ವರ್ಷಗಟ್ಟಲೆ ಎಳೆದಾಡಿರುವುದರಿಂದ, ಆ ದಿನ ಬಸ್ಸು ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ನಿಲ್ದಾಣದಲ್ಲಿ ವಿಚಾರಿಸಿಕೊಂಡೇ ಹತ್ತುವುದು ಒಳ್ಳೆಯದು. ನಮಗೆ ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಸೀಟು, ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿದ್ದರಿಂದ ಕೆಂಪು ಧೂಳು ನೇರ ಮುಖಕ್ಕೆ. ಭಾವಮೈದನ ಹೆಂಡತಿ ಕುಮಟೆಯಲ್ಲಿ ಇಳಿಯುವ ಹೊತ್ತಿಗೆ ನಿಂಬೆಹಣ್ಣು ಮೂಸುತ್ತಿದ್ದರು. ಘಟ್ಟದ ಬಸ್ಸಿನಲ್ಲಿ ಹೊಟ್ಟೆ ತೊಳಸುವವರಿಗೆ ಬೋಟು ಇನ್ನೂ ಕಷ್ಟ ಎಂಬ ಸರಳ ಲೆಕ್ಕ ನನಗೆ ಅಲ್ಲಿಯೇ ಹೊಳೆಯಬೇಕಿತ್ತು. ಬೆಂಗಳೂರಿನವರಿಗೆ ಈ ತಾಪತ್ರಯವಿಲ್ಲ, ರಾತ್ರಿ ರೈಲು ಅವರನ್ನು ಮುರುಡೇಶ್ವರಕ್ಕೇ ತಂದು ಬಿಡುತ್ತದೆ.

ಕೋಣೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದ್ವೀಪದಲ್ಲಿ ಉಳಿಯಲು ಅವಕಾಶವಿಲ್ಲದ ಕಾರಣ ಬೋಟು ಹತ್ತಬೇಕಾದವರೆಲ್ಲರೂ ಹಿಂದಿನ ರಾತ್ರಿ ಮುರುಡೇಶ್ವರದಲ್ಲಿ ತಂಗಲು ನೋಡುತ್ತಾರೆ, ವಸತಿಗೃಹದವರಿಗೆ ಇದು ಚೆನ್ನಾಗಿ ಗೊತ್ತಿದೆ. “ಸಮುದ್ರ ಕಾಣುವ ಕೋಣೆ” ಎಂದು ಫೋನಿನಲ್ಲಿ ಹೇಳಿ 3,200 ರೂಪಾಯಿ ಮುಂಗಡ ಹಾಕಿಸಿಕೊಂಡ ಕೋಣೆಯ ಕಿಟಕಿ ತೆರೆದದ್ದು ಪಕ್ಕದ ಕಟ್ಟಡದ ನೀರಿನ ಟಾಂಕಿಯ ಕಡೆಗೆ. ಸರಳಿಗೆ ಕೆನ್ನೆ ಒತ್ತಿ ಎಡಕ್ಕೆ ನೋಡಿದರೆ ಎರಡು ಗೋಡೆಗಳ ಸಂದಿಯಲ್ಲಿ ಸೀರೆಯ ಅಂಚಿನಷ್ಟು ನೀಲಿ ಕಾಣುತ್ತಿತ್ತು, ಆದ್ದರಿಂದ ಅವರು ಸುಳ್ಳು ಹೇಳಿದರು ಎನ್ನುವಂತೆಯೂ ಇರಲಿಲ್ಲ. ನಿಜವಾಗಿ ಕೆಣಕಿದ್ದು ಇದಲ್ಲ. 24 ತಾಸಿನ ಬಾಡಿಗೆ ಎಂದು ಫೋನಿನಲ್ಲಿ ಹೇಳಿದ್ದವರು, ನಾವು ಬಂದು ಸಹಿ ಮಾಡಿದ ಮೇಲೆ, ಬೆಳಿಗ್ಗೆ 8 ಗಂಟೆಗೆ ಕೋಣೆ ಬಿಡಬೇಕೆಂಬ ಫಲಕವನ್ನು ತೋರಿಸಿದರು. ಬೋಟು ಹೊರಡುವುದು 7ಕ್ಕೆ, ಮರಳುವುದು ಮಧ್ಯಾಹ್ನ ಒಂದಕ್ಕೆ. ಉಪ್ಪುನೀರಿನಲ್ಲಿ ನೆನೆದು ಬಂದವರಿಗೆ ಸ್ನಾನಕ್ಕೆ ಜಾಗ ಬೇಕಿದ್ದರೆ ಇನ್ನರ್ಧ ದಿನದ 1,600 ರೂಪಾಯಿ ಕೊಡಬೇಕು. ಕೊಟ್ಟೆವು. ಅದೇ ಕೋಣೆಗೆ ಮಂಗಳವಾರ 1,200 ರೂಪಾಯಿ ಎಂದು ರಸೀದಿ ಬರೆಯುತ್ತಿದ್ದ ಹುಡುಗನೇ ಹೇಳಿದ, ಪಾಪ, ಅವನಿಗೆ ಯಾವ ಸಂಕೋಚವೂ ಇರಲಿಲ್ಲ. ಮುಂದೆ ಹೋಗುವವರು ವಾರದ ನಡುವೆ ಹೋಗಿ, ಕೋಣೆ ಬಿಡುವ ಸಮಯವನ್ನು ಹಣ ಹಾಕುವ ಮೊದಲು ಬರಹದಲ್ಲಿ ತರಿಸಿಕೊಳ್ಳಿ. ಇಲ್ಲವೇ ಸುಮ್ಮನೆ ಭಟ್ಕಳದಲ್ಲಿಯೋ ಹೊನ್ನಾವರದಲ್ಲಿಯೋ ಉಳಿದು ಬೆಳಗಿನ ಜಾವ ರಿಕ್ಷಾ ಹಿಡಿದು ಬನ್ನಿ.

ಇನ್ನು ಬೋಟು. ದಡದಿಂದ ಚಿಕ್ಕ ದೋಣಿಯಲ್ಲಿ ಕರೆದೊಯ್ದು ದೊಡ್ಡದಕ್ಕೆ ಹತ್ತಿಸಿದರು. ಹೋಗುವ ಒಂದೂವರೆ ತಾಸು ಹಿತವಾಗಿತ್ತು. ಜನವರಿಯ ಬೆಳಿಗ್ಗೆ ನಮ್ಮ ಕಡಲು ಎಣ್ಣೆಯ ಹಾಗೆ ಇರುತ್ತದೆ, ಬಿಸಿಲು ಏರಿ ಪಡುವಣ ಗಾಳಿ ಎದ್ದ ಮೇಲೆಯೇ ಅಲೆ ಕುದಿಯುವುದು. ಜನರು ಸಾಮಾನ್ಯವಾಗಿ ಹೆದರುವುದು ಈ ಪ್ರಯಾಣಕ್ಕೆ, ಆದರೆ ಕಷ್ಟವಿರುವುದು ಲಂಗರು ಹಾಕಿದ ಮೇಲೆ. ಓಡುವ ಬೋಟು ಅಲೆಯನ್ನು ಸೀಳುತ್ತದೆ, ನಿಂತ ಬೋಟು ತೊಟ್ಟಿಲಿನಂತೆ ಪಕ್ಕಕ್ಕೆ ಹೊರಳುತ್ತಲೇ ಇರುತ್ತದೆ. ಬೋಟಿನಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಜನ, ನೀರಿಗಿಳಿಸುವ ತರಬೇತುದಾರರು ನಾಲ್ವರು, ಒಬ್ಬರಿಗೆ ಒಬ್ಬರಂತೆ ಇಳಿಸಬೇಕಾದ್ದರಿಂದ ಸರದಿ ಮುಗಿಯಲು ಮೂರು ತಾಸಿನ ಹತ್ತಿರ ಹಿಡಿಯಿತು. ಡೀಸೆಲ್ ವಾಸನೆ, ನೆತ್ತಿಯ ಮೇಲಿನ ಬಿಸಿಲು, ಮತ್ತೊಬ್ಬರು ವಾಂತಿ ಮಾಡುವ ಸದ್ದು, ಇವು ಮೂರೂ ಸೇರಿದರೆ ಗಟ್ಟಿಗನೂ ಬಗ್ಗುತ್ತಾನೆ. ಭಾವಮೈದನ ಹೆಂಡತಿ ಆ ಮೂರು ತಾಸುಗಳಲ್ಲಿ ತಲೆ ಎತ್ತಲಿಲ್ಲ, ಸುಮ್ಮನೆ ಕುಳಿತದ್ದಕ್ಕೇ ಅವರಿಗೆ ಹಿಡಿದ ದರ 2,500 ರೂಪಾಯಿ. ಹಣ ಕಟ್ಟುವಾಗ ಕೇಳಬೇಕಾದ ಪ್ರಶ್ನೆ ಮೀನು ಎಷ್ಟು ಕಾಣುತ್ತದೆ ಎಂಬುದಲ್ಲ, ಬೋಟಿನಲ್ಲಿ ಎಷ್ಟು ಜನ, ನೀರಿಗಿಳಿಸುವವರು ಎಷ್ಟು ಜನ ಎಂಬುದು. ವಾಕರಿಕೆಯ ಮಾತ್ರೆಯನ್ನು ಬೋಟು ಹತ್ತಿದ ಮೇಲೆ ನುಂಗಿ ಪ್ರಯೋಜನವಿಲ್ಲ, ತಾಸು ಮೊದಲೇ ತೆಗೆದುಕೊಳ್ಳಬೇಕು. ಡೈವ್ ಮಾಡುವವರು ಮಾತ್ರ, ನಿದ್ದೆ ತರಿಸುವ ಮಾತ್ರೆಯಾದ್ದರಿಂದ, ವೈದ್ಯರನ್ನು ಕೇಳಿಯೇ ನುಂಗಬೇಕು.

ಭಾವಮೈದನಿಗೆ ಆದದ್ದು ಬೇರೆಯೇ. ಅವನಿಗೆ ಎರಡು ದಿನದ ನೆಗಡಿಯಿತ್ತು, ಅದನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ತುಂಬಲು ಕೊಟ್ಟ ಕಾಗದದಲ್ಲಿ ದಮ್ಮು, ರಕ್ತದೊತ್ತಡ, ಹೃದಯದ ತೊಂದರೆಗಳ ಜೊತೆ ನೆಗಡಿಯ ಸಾಲೂ ಇತ್ತಂತೆ, ಎಲ್ಲದಕ್ಕೂ ಇಲ್ಲ ಎಂದು ಗೆರೆ ಎಳೆದು ಕೊಟ್ಟಿದ್ದ. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಿಕೊಳ್ಳುತ್ತಾ ಇಳಿಯಬೇಕು, ಮೂಗು ಕಟ್ಟಿದವರಿಗೆ ಅದು ಆಗುವುದಿಲ್ಲ. ಎರಡು ಮೀಟರ್ ಇಳಿಯುವಷ್ಟರಲ್ಲಿ ಕಿವಿಗೆ ದಬ್ಬಳ ಚುಚ್ಚಿದಂತಾಗಿ ಅವನು ಮೇಲೆ ಬಂದ. ನೀರು ಮುಟ್ಟಿದ ಮೇಲೆ ಹಣ ವಾಪಸಿಲ್ಲ ಎಂದರು, ಹೀಗಾಗಿ 5,000 ರೂಪಾಯಿ ಎರಡು ನಿಮಿಷಕ್ಕೆ ಮುಗಿಯಿತು. ನೆಗಡಿ ಇದ್ದರೆ ಯಾರು ಏನೇ ಹೇಳಲಿ, ದಿನ ಮುಂದೂಡಿ.

ಇಷ್ಟೆಲ್ಲ ಬೈದ ಮೇಲೂ ನಾನು ಮತ್ತೆ ಹೋಗುತ್ತೇನೆ ಎಂದರೆ ನಗಬೇಡಿ. ನನಗೆ ಈಜು ಬರುತ್ತದೆಯಾದರೂ ಈ ಬಗೆಯ ಡೈವಿಗೆ ಅದು ಕಡ್ಡಾಯವಲ್ಲ, ತರಬೇತುದಾರರು ಬೆನ್ನಿನ ಸಿಲಿಂಡರನ್ನು ಹಿಡಿದುಕೊಂಡೇ ಇರುತ್ತಾರೆ. ಮೊದಲ ಎರಡು ನಿಮಿಷ ಬಾಯಿಯಿಂದಲೇ ಉಸಿರಾಡಬೇಕೆಂಬುದು ಮರೆತು ಗಾಬರಿಯಾಯಿತು. ಆಮೇಲೆ ಸದ್ದು ನಿಂತಿತು, ನನ್ನ ಉಸಿರಿನ ಗುಳುಗುಳು ಒಂದನ್ನು ಬಿಟ್ಟು. ಬಂಡೆಯ ಮೇಲೆ ಹವಳ, ಅದರ ಸಂದಿಗಳಲ್ಲಿ ಹಳದಿ ಕಪ್ಪು ಪಟ್ಟೆಯ ಚಿಟ್ಟೆಮೀನುಗಳು, ಹವಳವನ್ನು ಕಟಕಟ ಕಡಿಯುತ್ತಿದ್ದ ಗಿಳಿಮೀನು. ಮೀನನ್ನು ಬುಟ್ಟಿಯಲ್ಲಿ, ಬಾಣಲೆಯಲ್ಲಿ, ತಟ್ಟೆಯಲ್ಲಿ ಮಾತ್ರ ಕಂಡು ಬೆಳೆದ ನನ್ನಂಥವನಿಗೆ, ಅದು ತನ್ನ ಮನೆಯಲ್ಲಿ ತನ್ನ ಪಾಡಿಗೆ ತಾನಿದ್ದು ನನ್ನತ್ತ ತಿರುಗಿಯೂ ನೋಡದೆ ಹೋದದ್ದು ವಿಚಿತ್ರವಾದ ಅನುಭವ. ನೀರಿನಲ್ಲಿ ಇದ್ದದ್ದು ಹೆಚ್ಚೆಂದರೆ 20 ನಿಮಿಷ. ಹತ್ತು ವರ್ಷ ತುಂಬದ ಮಕ್ಕಳನ್ನು ಡೈವಿಗೆ ಇಳಿಸುವುದಿಲ್ಲವಾದ್ದರಿಂದ ಒಂಬತ್ತರ ಹುಡುಗಿ ಲೈಫ್ ಜಾಕೆಟ್ ತೊಟ್ಟು, ಕನ್ನಡಕ ಹಾಕಿಕೊಂಡು ಮೇಲಿನಿಂದಲೇ ನೋಡಿದಳು. ನಂತರ ಬೋಟಿನಲ್ಲಿ ಮಲಗಿ ಬಿಳಿಹೊಟ್ಟೆಯ ಕಡಲಗಿಡುಗಗಳು ಬಂಡೆಯ ನೆತ್ತಿಯಲ್ಲಿ ಸುತ್ತುವುದನ್ನು ಎಣಿಸಿದಳು. ಹಿಂದೆ ನೌಕಾಪಡೆ ಇದೇ ದ್ವೀಪವನ್ನು ಗುಂಡಿನ ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು ಎಂದು ಹೇಳಿದಾಗ, “ಹಾಗಾದರೆ ಹಕ್ಕಿಗಳು, ಮಾವ?” ಎಂದು ಕೇಳಿದಳು, ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಮಾತು: ಡೈವ್ ಮಾಡಿದ ಮೇಲೆ ಒಂದು ಹಗಲು-ರಾತ್ರಿ ಕಳೆಯುವವರೆಗೆ ವಿಮಾನ ಹತ್ತಬಾರದು. ಗೋವೆಯಿಂದ ಅದೇ ಸಂಜೆ ವಿಮಾನವೆಂದು ಬೋಟಿನಲ್ಲಿ ಕುಳಿತಿದ್ದ ಇಬ್ಬರು ಯುವಕರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ದ್ವೀಪ ಎಂದರೆ ಮರಳು, ನೆರಳು, ನಿರ್ಜನ ದಂಡೆ ಎಂದು ಮನಸ್ಸಿನಲ್ಲಿ ಇಟ್ಟುಕೊಂಡವರು ಕಾರವಾರದ ಕಡೆಗೆ ನೋಡಬೇಕು. ಅಲ್ಲಿನ ಅಂಜುದೀವ ನೌಕಾಪಡೆಯ ವಶದಲ್ಲಿರುವುದರಿಂದ ಅದನ್ನು ಮರೆತುಬಿಡಿ. ಕೂರ್ಮಗಡದಲ್ಲಿ ಸ್ವಲ್ಪ ಮರಳಿದೆ, ಗುಡ್ಡದ ಮೇಲೆ ನರಸಿಂಹನ ಗುಡಿಯಿದೆ, ಕಾಳಿ ನದಿಯ ಅಳಿವೆಯಿಂದ ದೂರವೂ ಕಡಿಮೆ. ಪುಷ್ಯ ಹುಣ್ಣಿಮೆಯ ಜಾತ್ರೆಯ ದಿನ ಮಾತ್ರ, ಹರಕೆ ಇಲ್ಲದವರು ಅತ್ತ ಹೋಗದಿರುವುದೇ ಲೇಸೆಂದು ನನ್ನ ಅಭಿಪ್ರಾಯ, ನನಗೆ ಗದ್ದಲ ಆಗದು ಎಂಬುದು ಅರ್ಧ ಕಾರಣ. ಉಳಿದರ್ಧ ಕಾರಣ 2019ರ ಜನವರಿ 21. ಅಂದು ಜಾತ್ರೆ ಮುಗಿಸಿ ಮರಳುತ್ತಿದ್ದ ಬೋಟು ಮಗುಚಿ 16 ಮಂದಿ ತೀರಿಕೊಂಡರು. ದೂರ ಕಡಿಮೆ ಎಂದರೆ ಅಪಾಯ ಕಡಿಮೆ ಎಂದಲ್ಲ. ಅಳಿವೆಯ ಬಾಯಲ್ಲಿ ನದಿಯೂ ಕಡಲೂ ಎದುರಾಗುವ ಕಡೆ ಅಲೆಯ ನಡೆ ಬೇರೆಯೇ ಇರುತ್ತದೆ. ಲೈಫ್ ಜಾಕೆಟ್ ಕೊಡದ, ಅಥವಾ ಕೊಟ್ಟು ಸೀಟಿನ ಕೆಳಗೆ ಇಡಲು ಬಿಡುವ ಬೋಟನ್ನು ಹತ್ತಬೇಡಿ, ಜೊತೆಗಿರುವವರು ನಗಾಡಿದರೂ ಸರಿಯೇ. ದಡವೇನೂ ಸುರಕ್ಷಿತವೆಂದು ತಿಳಿಯಬೇಡಿ: 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ದಂಡೆಯಲ್ಲೇ ಮುಳಬಾಗಿಲಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ನೀರುಪಾಲಾದರು.

ನಮ್ಮ ಹುಡುಗಿಯ ಬಕೆಟ್ಟು ಕೊನೆಗೆ ಕೆಲಸಕ್ಕೆ ಬಂದದ್ದು ಹೊನ್ನಾವರದ ಸೇತುವೆಯಾಚೆಯ ಕಾಸರಕೋಡಿನಲ್ಲಿ. ಒಳ್ಳೆಯ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ದಂಡೆಯದು. ಸ್ವಚ್ಛವಾಗಿದೆ, ಬಟ್ಟೆ ಬದಲಿಸಲು ಜಾಗವಿದೆ, ಮಕ್ಕಳನ್ನು ಕರೆತಂದವರಿಗೆ ದ್ವೀಪಕ್ಕಿಂತ ನೂರು ಪಾಲು ಮೇಲು. ಎರಡು ತಾಸು ಅಲ್ಲಿದ್ದೆವು, ಅವಳು ಏಳಲು ಒಪ್ಪಲಿಲ್ಲ.

ಹೊನ್ನಾವರದ ಊಟದ ಬಗ್ಗೆ ಬರೆಯದಿದ್ದರೆ ಈ ಬರಹ ಪೂರ್ತಿಯಾಗದು. ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಓಣಿಯಲ್ಲಿ, ಫಲಕವಿಲ್ಲದ ಹೆಂಚಿನ ಮನೆಯ ಜಗುಲಿಯಲ್ಲಿ ನಾಲ್ಕು ಬೆಂಚು ಹಾಕಿ ಅತ್ತಿಗೆ-ನಾದಿನಿಯರಿಬ್ಬರು ಮಧ್ಯಾಹ್ನ ಮಾತ್ರ ಊಟ ಬಡಿಸುತ್ತಾರೆ. 120 ರೂಪಾಯಿಗೆ ಕುಚ್ಚಲಕ್ಕಿ ಅನ್ನ, ತೆಪ್ಪಲ್ ಕಾಯಿ ಜಜ್ಜಿ ಹಾಕಿದ ಬಂಗಡೆಯ ಸಾರು, ಒಣ ಶೆಟ್ಲಿಯ (ಸಿಗಡಿಯ) ಚಟ್ನಿ, ಒಂದು ಪಲ್ಯ, ಕುಡಿಯಲು ಮುರುಗಲ (ಪುನರ್ಪುಳಿಯ) ಕಡಿ. ಸಾರನ್ನು ಬೆಳಿಗ್ಗೆಯೇ ಮಣ್ಣಿನ ಗಡಿಗೆಯಲ್ಲಿ ಕಾಯಿಸಿ ಇಟ್ಟಿರುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಹುಳಿಯೂ ಖಾರವೂ ಮೀನಿನೊಳಗೆ ಇಳಿದು, ತೆಪ್ಪಲಿನ ಘಮ ನಾಲಗೆಯ ತುದಿಯಲ್ಲಿ ಜುಮ್ಮೆನ್ನುತ್ತದೆ. ಅಂದು ಶರಾವತಿಯ ಬಳಚು ಎಂಬ ಚಿಪ್ಪುಮೀನು ಸಿಕ್ಕಿತ್ತೆಂದು ಅದರ ಸುಕ್ಕೆಯೂ ಇತ್ತು, ತೆಂಗಿನಕಾಯಿ ಒರಟಾಗಿ ಅರೆದದ್ದು, ಚಿಪ್ಪಿನ ಸಮೇತ; ಅದಕ್ಕೆ ಬೇರೆ 50 ರೂಪಾಯಿ. ಬೋಟಿನಲ್ಲಿ ತಲೆ ಎತ್ತದಿದ್ದ ಭಾವಮೈದನ ಹೆಂಡತಿ ಇಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡರು. ಕಡಿ ಮೂರನೆಯ ಲೋಟಕ್ಕೆ ಬಂದಾಗ ನಾನು ದುಡ್ಡು ಬೇರೆಯೇ ಎಂದು ಕೇಳಿದೆ, ಅತ್ತಿಗೆಯಾದವರು, “ಕಡಿಗೂ ಯಾರಾದರೂ ದುಡ್ಡು ಹಿಡಿಯುತ್ತಾರೇನು?” ಎಂದು ನನ್ನನ್ನೇ ಗದರಿದರು. ಮುರುಡೇಶ್ವರದಲ್ಲಿ ನೀರಿನ ಬಾಟಲಿಗೂ ಹತ್ತು ರೂಪಾಯಿ ಹೆಚ್ಚು ಕೊಟ್ಟು ಬಂದವರಿಗೆ ಆ ಗದರಿಕೆ ಎಷ್ಟು ಹಿತವಾಗಿತ್ತೆಂದು ಹೇಳಲಾರೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಒಣಮೀನೇ ಗತಿ ಎಂದೂ, ಹೇಗೂ ಮಳೆಗಾಲದಲ್ಲಿ ನೇತ್ರಾಣಿಯ ಬೋಟುಗಳೂ ನಿಂತಿರುವುದರಿಂದ ನಿಮಗೇನು ತೊಂದರೆ ಎಂದೂ ಅವರೇ ಹೇಳಿದರು.

ಅವರ ಮೀನು ಎರಡೂವರೆಗೆ ಮುಗಿಯುತ್ತದೆ. ಮುರುಡೇಶ್ವರದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸು ಹಿಡಿಯುವುದರಿಂದ, ಬೆಳಗಿನ ಮೊದಲ ಬೋಟಿಗೇ ಹೆಸರು ಹಚ್ಚಿ. ಎರಡನೆಯ ಸರದಿಯ ಬೋಟಿನಲ್ಲಿ ಹೋದವರಿಗೆ ಅಲೆಯೂ ಹೆಚ್ಚು, ಬಂಗಡೆ ಸಾರೂ ಇಲ್ಲ.