ದಿನಾಂಕ ಹೇಳದ ವಿನಾಯಿತಿ

ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೈಪಿಡಿ, ದರಪಟ್ಟಿ, ಗ್ರಾಹಕರಿಗೆ ಹೋಗುವ ಸೂಚನೆಗಳನ್ನು ಬರೆಯುವುದು ನನ್ನ ಉದ್ಯೋಗ. ಕೂರುವುದು ಬೆಂಗಳೂರಿನಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ, ಓದುವವರಲ್ಲಿ ಹೆಚ್ಚಿನವರು ಅಮೆರಿಕದವರು. ತಂಡಕ್ಕೆ ಹೊಸದಾಗಿ ಸೇರುವವರ ಜೊತೆ ನಾನು ತಪ್ಪದೆ ಚರ್ಚಿಸುವ ಪದವೊಂದಿದೆ: ‘ಗ್ರ್ಯಾಂಡ್‌ಫಾದರ್ಡ್’.

ನಿಯಮ ಬದಲಾದ ಮೇಲೂ ಹಳಬರಿಗೆ ಹಳೆಯ ನಿಯಮವೇ ನಡೆಯುವಂತಿದ್ದರೆ ಅವರನ್ನು ಇಂಗ್ಲಿಷಿನವರು ಹೀಗೆ ಕರೆಯುತ್ತಾರೆ. ತಾತನನ್ನೇ ಕ್ರಿಯಾಪದ ಮಾಡಿಕೊಂಡ ಮಾತು ಇದು. ಮೊಬೈಲ್ ಪ್ಲಾನು, ಕಟ್ಟಡದ ನಿಯಮ, ವಿಮೆ, ತೆರಿಗೆ, ಎಲ್ಲ ಕಡೆಯೂ ಓಡಾಡುತ್ತದೆ. ಅಮೆರಿಕದಲ್ಲಿ ಒಬಾಮ ಕಾಲದ ಆರೋಗ್ಯ ಕಾನೂನು ಬಂದಾಗ, 2010ರ ಮಾರ್ಚ್ 23ರಂದು ಚಾಲ್ತಿಯಲ್ಲಿದ್ದ ವಿಮಾ ಯೋಜನೆಗಳಿಗೆ ಹೊಸ ಕಾನೂನಿನ ಹಲವು ಷರತ್ತುಗಳಿಂದ ವಿನಾಯಿತಿ ಸಿಕ್ಕಿತು. ಅವುಗಳಿಗೆ ಅಧಿಕೃತವಾಗಿಯೇ ಈ ಹೆಸರು. ನಮ್ಮಲ್ಲಿಗೂ ಅದು ಬಂದಿದೆ. 2018ರ ಬಜೆಟ್ಟಿನಲ್ಲಿ ಷೇರುಗಳ ದೀರ್ಘಾವಧಿ ಲಾಭದ ಮೇಲೆ ಮತ್ತೆ ತೆರಿಗೆ ಹಾಕಿದಾಗ, ಆ ವರ್ಷದ ಜನವರಿ 31ರವರೆಗೆ ಆಗಿದ್ದ ಲಾಭವನ್ನು ಹೊರಗಿಟ್ಟರು. ಲೆಕ್ಕಪರಿಶೋಧಕರು, ಹೂಡಿಕೆದಾರರು ಅದನ್ನು ಈಗಲೂ ‘ಗ್ರ್ಯಾಂಡ್‌ಫಾದರಿಂಗ್’ ಎಂದೇ ಕರೆಯುತ್ತಾರೆ.

ಈ ಎರಡರಲ್ಲೂ ತೂಕವಿರುವುದು ದಿನಾಂಕಕ್ಕೆ. ಮಾರ್ಚ್ 23, ಜನವರಿ 31. ಅದನ್ನು ತೆಗೆದುಬಿಟ್ಟರೆ ಉಳಿಯುವುದು ‘ಹಳಬರಿಗೆ ತೊಂದರೆಯಿಲ್ಲ’ ಎಂಬ ಸಮಾಧಾನದ ಮಾತು ಮಾತ್ರ. ಅದನ್ನು ನಂಬಿ ಯಾರೂ ಹಣ ಕಟ್ಟಲಾರರು.

ನಮ್ಮಲ್ಲಿ ದರ ಏರಿಕೆಯ ಸೂಚನೆಯೊಂದು ಮಾರಾಟ ವಿಭಾಗದಿಂದ ನನ್ನ ಮೇಜಿಗೆ ಬಂದಾಗ ಅದರಲ್ಲಿ ಇದ್ದದ್ದು ಒಂದೇ ವಾಕ್ಯ: ಹಾಲಿ ಗ್ರಾಹಕರೆಲ್ಲರೂ ಗ್ರ್ಯಾಂಡ್‌ಫಾದರ್ಡ್. ಹಾಲಿ ಎಂದರೆ ಯಾವತ್ತಿಗೆ ಹಾಲಿ? ಸೂಚನೆ ತಲುಪಿದ ದಿನಕ್ಕೋ, ಹೊಸ ದರ ಜಾರಿಯಾಗುವ ದಿನಕ್ಕೋ? ತಿಂಗಳ ಲೆಕ್ಕದಲ್ಲಿ ಕಟ್ಟುವವರು ಒಂದು ತಿಂಗಳು ಬಿಟ್ಟು ಮರಳಿ ಬಂದರೆ? ಇದ್ದ ಖಾತೆಗೆ ಇನ್ನೂ ಐದು ಜನರನ್ನು ಸೇರಿಸಿಕೊಂಡರೆ ಆ ಐವರಿಗೆ ಯಾವ ದರ? ನಾನು ಕೇಳುತ್ತಾ ಹೋದೆ. ಮಾರಾಟ ವಿಭಾಗದವರು ಒಂದು ಉತ್ತರ ಕೊಟ್ಟರು, ಬಿಲ್ಲಿಂಗ್ ವಿಭಾಗದವರು ಇನ್ನೊಂದು. ವಾರ್ಷಿಕ ಒಪ್ಪಂದ ಇದ್ದವರಿಗೆ ಮಾತ್ರ ಹಳೆಯ ದರ ಉಳಿಯುವಂತೆ ಬಿಲ್ಲಿಂಗಿನವರು ವ್ಯವಸ್ಥೆ ಮಾಡಿಟ್ಟಿದ್ದರು. ಎರಡೂ ಕಡೆಯವರು ಆ ಪದವನ್ನು ಓದಿ ತಲೆಯಾಡಿಸಿದ್ದರು. ಮನಸ್ಸಿನಲ್ಲಿದ್ದ ಗ್ರಾಹಕರು ಮಾತ್ರ ಬೇರೆ ಬೇರೆ.

ಅದೇ ಕರಡಿನ ಅಂಚಿನಲ್ಲಿ ಅಮೆರಿಕದ ಕಚೇರಿಯ ಸಹೋದ್ಯೋಗಿಯೊಬ್ಬರು ಟಿಪ್ಪಣಿ ಬರೆದಿದ್ದರು. ಅವರು ಲೂಯಿಸಿಯಾನಾ ಮೂಲದ ಕಪ್ಪು ಮಹಿಳೆ. ‘ನಮ್ಮ ಮನೆಯಲ್ಲಿ ಈ ಪದ ಬಳಸುವುದಿಲ್ಲ. ಬೇರೆ ಹಾಕಲು ಸಾಧ್ಯವೇ?’ ಎಂದಷ್ಟೇ ಇತ್ತು. ಕಾರಣವನ್ನು ಓದಿ ತಿಳಿದುಕೊಂಡೆ. ಈ ವೃತ್ತಿಯಲ್ಲಿರುವ ಪ್ರತಿಯೊಬ್ಬರಿಗೂ ಅದು ಗೊತ್ತಿರಬೇಕೆಂದು ಆಗಿನಿಂದ ನನಗೆ ಅನ್ನಿಸಿದೆ.

ಜನಾಂಗದ ಕಾರಣಕ್ಕೆ ಯಾರ ಮತದಾನದ ಹಕ್ಕನ್ನೂ ಕಸಿಯಬಾರದೆಂದು 1870ರಲ್ಲಿ ಅಮೆರಿಕದ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂತು. ದಕ್ಷಿಣದ ರಾಜ್ಯಗಳು ಬೇರೆ ದಾರಿ ಹುಡುಕಿದವು: ಓದುಬರಹದ ಪರೀಕ್ಷೆ, ಆಸ್ತಿಯ ಷರತ್ತು, ಮತ ತೆರಿಗೆ. ಆದರೆ ಇವನ್ನು ನೇರವಾಗಿ ಹೇರಿದರೆ ಓದು ಬಾರದ ಬಡ ಬಿಳಿಯರೂ ಮತ ಕಳೆದುಕೊಳ್ಳುತ್ತಿದ್ದರು. ಲೂಯಿಸಿಯಾನಾ 1898ರಲ್ಲಿ ಅದಕ್ಕೊಂದು ವಿನಾಯಿತಿ ಬರೆಯಿತು. 1867ರ ಜನವರಿ 1ರಂದು ಅಥವಾ ಅದಕ್ಕೂ ಮೊದಲು ಮತದಾನದ ಹಕ್ಕಿದ್ದವರಿಗೆ, ಅಂಥವರ ಮಗ, ಮೊಮ್ಮಗನಿಗೆ ಓದುಬರಹದ, ಆಸ್ತಿಯ ಷರತ್ತುಗಳಿಲ್ಲ. ತಾತನ ಹಕ್ಕಿನಿಂದ ಮೊಮ್ಮಗನಿಗೆ ಸಿಗುವ ಇಂಥ ವಿನಾಯಿತಿಯಿಂದಲೇ ಈ ಪದ ಹುಟ್ಟಿದ್ದು. ಬಣ್ಣದ ಮಾತೇ ಅದರಲ್ಲಿ ಇರಲಿಲ್ಲ. ಆದರೆ ಆ ದಿನಾಂಕದಂದು ಅಲ್ಲಿನ ಕಪ್ಪು ಜನರಿಗೆ ಮತದಾನದ ಹಕ್ಕೇ ಇರಲಿಲ್ಲ. ಅವರಲ್ಲಿ ಬಹುಪಾಲು ಜನರ ತಾತಂದಿರು ಗುಲಾಮರಾಗಿದ್ದವರು. ದಕ್ಷಿಣದಲ್ಲಿ ಅವರಿಗೆ ಮತ ಕೊಡಿಸಿದ ಕಾಯ್ದೆ ಬಂದದ್ದು ಅದೇ 1867ರ ಮಾರ್ಚಿನಲ್ಲಿ. ದಿನಾಂಕವನ್ನು ಎರಡು ತಿಂಗಳು ಹಿಂದಕ್ಕೆ ಇಟ್ಟು ಒಂದು ಸಮುದಾಯವನ್ನೇ ಹೊರಗೆ ನಿಲ್ಲಿಸಿದರು. 1896ರಲ್ಲಿ ಆ ರಾಜ್ಯದಲ್ಲಿ ಸುಮಾರು 1,30,000 ಕಪ್ಪು ಮತದಾರರು ನೋಂದಾಯಿತರಾಗಿದ್ದರು. 1900ರ ಹೊತ್ತಿಗೆ ಉಳಿದವರು 5,320.

ಒಕ್ಲಹೋಮಾದ ಇಂಥದೇ ನಿಯಮವನ್ನು ಸುಪ್ರೀಂ ಕೋರ್ಟ್ 1915ರಲ್ಲಿ ರದ್ದು ಮಾಡಿತು. ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ಡಗ್ಲಸ್ ವೈಟ್ ಲೂಯಿಸಿಯಾನಾದವರೇ, ತರುಣರಾಗಿದ್ದಾಗ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯಲ್ಲಿದ್ದವರು. ಒಕ್ಲಹೋಮಾ ಸುಮ್ಮನಾಗಲಿಲ್ಲ. ಹಳೆಯ ನಿಯಮವೇ ನಡೆಯುತ್ತಿದ್ದ 1914ರಲ್ಲಿ ಮತ ಹಾಕಿದವರು ತಾವಾಗಿಯೇ ಪಟ್ಟಿಯಲ್ಲಿರುತ್ತಾರೆ, ಉಳಿದವರು 1916ರ ಏಪ್ರಿಲ್ 30ರಿಂದ ಮೇ 11ರ ಒಳಗೆ ಹೆಸರು ಬರೆಸಬೇಕು, ಇಲ್ಲದಿದ್ದರೆ ಹಕ್ಕು ಶಾಶ್ವತವಾಗಿ ಹೋಯಿತು ಎಂದು ಹೊಸ ಕಾನೂನು ಮಾಡಿತು. ತಾತನ ಮಾತಿಲ್ಲ, ಹನ್ನೆರಡೇ ದಿನ. ಅದು ರದ್ದಾಗಲು 1939 ಬರಬೇಕಾಯಿತು. ಈ ಭಾಗವನ್ನು ಓದಿದಾಗ ನನಗೆ ಹೆಚ್ಚು ಸಿಟ್ಟು ಬಂತು. ಮೇಲ್ನೋಟಕ್ಕೆ ಅದು ನಾವು ದಿನಾ ಬರೆಯುವ ಸೂಚನೆಗಳಂತೆಯೇ ಇದೆ.

2020ರಲ್ಲಿ ಮ್ಯಾಸಚೂಸೆಟ್ಸ್‌ನ ಮೇಲ್ಮನವಿ ನ್ಯಾಯಾಲಯ, ಕಟ್ಟಡ ವಿವಾದವೊಂದರ ತೀರ್ಪಿನಲ್ಲಿ, ಮೂಲ ಹೀಗಿರುವುದರಿಂದ ತಾನು ಈ ಪದ ಬಳಸುವುದಿಲ್ಲವೆಂದು ಬರೆಯಿತು. ಟ್ವಿಟರ್ ಅದೇ ವರ್ಷ ತನ್ನ ಎಂಜಿನಿಯರ್‌ಗಳಿಗೆ ಅದರ ಬದಲಿಗೆ ‘ಲೆಗಸಿ’ (ಹಿಂದಿನಿಂದ ಉಳಿದು ಬಂದದ್ದು) ಎಂಬ ಪದವನ್ನು ಸೂಚಿಸಿತು. ಆ ನೋವಿಗೆ ಕಾರಣವಾದ ಪದ ಹೋಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಾತನ ಜಾಗಕ್ಕೆ ‘ಲೆಗಸಿ’ ತಂದು ಕೂರಿಸಿದರೆ ನಮ್ಮ ಕೆಲಸ ಅರ್ಧ ಮಾತ್ರ ಆದಂತೆ. ಹಾಲಿ ಎಂದರೆ ಯಾವತ್ತಿಗೆ ಹಾಲಿ ಎಂದು ಅದೂ ಹೇಳುವುದಿಲ್ಲ. ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಓದುಗರ ಕಣ್ಣೆದುರು ಇಡುವುದೇ ನಮ್ಮ ಹೊಣೆ.

ಆ ಸೂಚನೆಯನ್ನು ಕೊನೆಗೆ ಹೀಗೆ ಕಳುಹಿಸಿದೆವು: ಏಪ್ರಿಲ್ 1ಕ್ಕೆ ಮೊದಲು ಖಾತೆ ತೆರೆದವರು, ತಿಂಗಳಿಗೆ ಕಟ್ಟಲಿ ವರ್ಷಕ್ಕೆ ಕಟ್ಟಲಿ, ಮುಂದಿನ ವರ್ಷದ ಮಾರ್ಚ್ 31ರವರೆಗೆ ಈಗಿನ ದರವನ್ನೇ ಕಟ್ಟುತ್ತಾರೆ, ಈ ಅವಧಿಯಲ್ಲಿ ಹೊಸದಾಗಿ ಸೇರಿಸುವ ಬಳಕೆದಾರರಿಗೆ ಹೊಸ ದರ, ಖಾತೆ ಮುಚ್ಚಿ ಮತ್ತೆ ತೆರೆದರೆ ಹೊಸ ದರ. ತಿಂಗಳಿಗೆ ಕಟ್ಟುವವರನ್ನು ಸೇರಿಸಿಕೊಳ್ಳುವಂತೆ ಬಿಲ್ಲಿಂಗಿನವರು ವ್ಯವಸ್ಥೆಯನ್ನು ಬದಲಿಸಿದರು. ಇವತ್ತಿಗೂ ವಿನಾಯಿತಿಯ ಯಾವುದೇ ಕರಡಿಗೆ ನಮ್ಮಲ್ಲಿ ನಾಲ್ಕು ಖಾಲಿ ಜಾಗಗಳಿವೆ: ಯಾವ ದಿನಾಂಕ, ಯಾರಿಗೆ, ಯಾವಾಗ ಮುಗಿಯುತ್ತದೆ, ಏನು ಮಾಡಿದರೆ ಕೈತಪ್ಪುತ್ತದೆ. ಒಂದು ಖಾಲಿ ಉಳಿದರೂ ಕರಡು ಬಂದ ವಿಭಾಗಕ್ಕೇ ವಾಪಸ್ಸು.

ಈಗಾಗಲೇ ಸಹಿಯಾದ ಒಪ್ಪಂದಗಳಲ್ಲಿ ಆ ಪದ ಇನ್ನೂ ಇದೆ, ಅವನ್ನು ನಾವಾಗಿ ತಿದ್ದುವಂತಿಲ್ಲ. ನವೀಕರಣಕ್ಕೆ ಬಂದಂತೆಲ್ಲ ಕಾನೂನು ವಿಭಾಗದವರೊಂದಿಗೆ ಕೂತು ಒಂದೊಂದಾಗಿ ದಿನಾಂಕ ಬರೆದು ಬದಲಿಸುತ್ತಿದ್ದೇವೆ.