ಬ್ರೇಕಿಂದ ಕಾಲು ತೆಗೀರಿ

ಮನಾಲಿಯಿಂದ ಬಂದು ನಾಲ್ಕು ದಿನ ಆಯ್ತು, ನನ್ನ ಬಲಗಾಲು ಇನ್ನೂ ಬ್ರೇಕ್ ಹುಡುಕುತ್ತಿದೆ. ಗಾಡಿ ಓಡಿಸಿದ್ದು ನಾನಲ್ಲ, ಪಕ್ಕದಲ್ಲಿ ಕೂತಿದ್ದೆ ಅಷ್ಟೇ.

ಚಂಡೀಗಢದ ಗೆಳೆಯನ ಮನೆಗೆ ಹೋಗಿದ್ದು ಎರಡು ದಿನ ಸುಮ್ನೆ ಹರಟೋಣ ಅಂತ. ಆದರೆ ಅವನಿಗೆ ಒಂದು ಕಡೆ ಕೂತು ಗೊತ್ತೇ ಇಲ್ಲ. "ಜನವರಿಯಲ್ಲಿ ಬಂದು ಹಿಮ ನೋಡದೆ ಹೋಗ್ತೀಯೇನೋ?" ಅಂದ. ಅದರಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಹೊಸ ಫೋರ್ ಬೈ ಫೋರ್ ಗಾಡಿ ತೋರಿಸುವ ಆಸೆ ಎಷ್ಟಿತ್ತು ಅಂತ ನನಗೂ ಗೊತ್ತು, ಅವನ ಹೆಂಡತಿಗೂ ಗೊತ್ತು.

ಅಟಲ್ ಸುರಂಗದ ಈ ಕಡೆ, ಮನಾಲಿಯಲ್ಲಿ, ಬೂದು ಮೋಡ. 9 ಕಿಲೋಮೀಟರ್ ದಾಟಿ ಲಾಹೌಲ್ ಕಡೆ ಹೊರಬಂದರೆ ನೀಲಿ ಆಕಾಶ, ಕಣ್ಣು ಬಿಡಲಾಗದಷ್ಟು ಬಿಳುಪು. 2020ರಲ್ಲಿ ಸುರಂಗ ಆಗುವ ಮೊದಲು, ರೋಹ್ತಾಂಗ್ ಕಣಿವೆದಾರಿ ಮುಚ್ಚಿತೆಂದರೆ ಅಲ್ಲಿನವರಿಗೆ ತಿಂಗಳುಗಟ್ಟಲೆ ರಸ್ತೆಯೇ ಇರುತ್ತಿರಲಿಲ್ಲ. ನಾವು ಹರಟುತ್ತಲೇ ದಾಟಿಬಿಟ್ಟೆವು. ಸಿಸ್ಸುವಿನಲ್ಲಿ ಫೋಟೋ ಮುಗಿಯುವ ಹೊತ್ತಿಗೆ ಬಿಸಿಲು ಬೆಟ್ಟದ ತುದಿಗೆ ಹೋಗಿತ್ತು. ತಡ ಆಯ್ತು ಅಂತ ಅನ್ನಿಸಿತು. ಬಾಯಿ ಬಿಡಲಿಲ್ಲ.

ವಾಪಸ್ ಬರುವಾಗ ಸೋಲಂಗ್ ಕಡೆಗಿನ ಇಳಿಜಾರು, ನೆರಳಿನ ಒಂದು ತಿರುವು. ರಸ್ತೆ ಒದ್ದೆ ಇದ್ದ ಹಾಗೆ ಕಂಡಿತು, ಅಷ್ಟೇ. ಅವನು ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ, ನಿಧಾನವಾಗಿ, ಯಾವ ಗಡಿಬಿಡಿಯೂ ಇಲ್ಲದೆ ಅಡ್ಡಡ್ಡ ಜಾರುತ್ತಾ ಹೋಗಿ ರಸ್ತೆ ಬದಿಯ ಹಿಮದ ಗುಡ್ಡೆಗೆ ಒರಗಿತು. ಗುಡ್ಡೆಯ ಆಚೆ ಏನಿತ್ತು ಅಂತ ನಾನು ನೋಡಲಿಲ್ಲ.

ಹಿಂದಿನಿಂದ ಒಬ್ಬ ಟ್ಯಾಕ್ಸಿ ಡ್ರೈವರ್ ಗೋಡೆ ಹಿಡಿದವರ ಹಾಗೆ ಹೆಜ್ಜೆ ಇಡುತ್ತಾ ಬಂದು ಗಾಜು ತಟ್ಟಿದರು.

"ಬ್ರೇಕ್ ಯಾಕೆ ಒತ್ತಿದ್ರಿ?"

"ಭಯ ಆಯ್ತು."

"ಭಯ ಆದ್ರೆ ಕಾಲು ತೆಗೀಬೇಕು."

ಬೈಗುಳವಲ್ಲ, ಬುದ್ಧಿಮಾತೂ ಅಲ್ಲ. ಟೈಮ್ ಎಷ್ಟು ಅಂತ ಹೇಳುವ ದನಿ. ಹಗಲು ಕರಗಿದ ನೀರು ಬಿಸಿಲು ಹೋದ ಕೂಡಲೇ ಗಾಜಿನ ಹಾಗೆ ಗಟ್ಟಿಯಾಗುತ್ತೆ, ಫೋರ್ ಬೈ ಫೋರ್ ಹತ್ತೋಕೆ ಸಹಾಯ ಮಾಡುತ್ತೆ, ನಿಲ್ಲೋಕಲ್ಲ ಅಂದರು. ನಮ್ಮನ್ನು ಇಳಿಸಿ, ತಾವೇ ಕೂತು, ಮೊದಲ ಗೇರಿನಲ್ಲಿ ಬ್ರೇಕ್ ಮುಟ್ಟದೆ ತಿರುವು ದಾಟಿಸಿಕೊಟ್ಟರು. ಧನ್ಯವಾದ ಹೇಳುವಷ್ಟರಲ್ಲಿ ಹಿಂದಿನ ಕಾರಿನವನಿಗೆ ಕೂಗುತ್ತಿದ್ದರು.

ರಾತ್ರಿ ಇವನು "ಟೈರ್ ಸರಿಯಿಲ್ಲ ಕಣೋ" ಅಂದ. ಹೂಂ ಅಂದೆ. ನನಗೆ ಸಿಟ್ಟು ಬರುವುದು ಇಲ್ಲಿ, ಅವನ ಮೇಲಲ್ಲ. ಇಪ್ಪತ್ತು ವರ್ಷದ ಗೆಳೆತನ, ಅವನ ಸಂತೋಷ ಹಾಳಾಗದಿರಲಿ ಅಂತ ಎಷ್ಟು ಸಲ ಹೀಗೆ ಹೂಂ ಅಂದಿದ್ದೇನೋ. ಹಿಂದಿನ ಸೀಟಿನಲ್ಲಿ ಕೂತಿದ್ದ ಅವನ ಹೆಂಡತಿಯೂ ಅದನ್ನೇ ಮಾಡುತ್ತಿದ್ದಳು ಅಲ್ವಾ? ಗುರುತೇ ಇಲ್ಲದವರು ಅರ್ಧ ನಿಮಿಷದಲ್ಲಿ ಹೇಳಿಬಿಟ್ಟರು.

ನಿನ್ನೆ ನಮ್ಮ ಗ್ರೂಪಿಗೆ ಫೋಟೋ ಹಾಕಿ "ಮುಂದಿನ ಚಳಿಗೆ ಸ್ಪಿತಿ?" ಅಂತ ಕೇಳಿದ್ದಾನೆ. ಏನು ಬರೆಯಲಿ ಅಂತ ನಾನು ಯೋಚಿಸುವಷ್ಟರಲ್ಲಿ ಅವಳ ಉತ್ತರ ಬಂತು: "ಸರಿ. ಗಾಡಿ ನಾನು ಓಡಿಸ್ತೀನಿ."